ಸೌಟಮ್ಮನ ನಾಲಿಗೆ

ದ್ವೀಪದವರೆಲ್ಲ ಆಕೆಯನ್ನು ಸೌಟಮ್ಮ ಎಂದೇ ಕರೆಯುತ್ತಿದ್ದರು. ಊರೊಟ್ಟಿನ ಊಟ ಯಾವುದೇ ಇರಲಿ, ಹಂಡೆಯ ಮೀನಿನ ಸಾರಿಗೆ ಸೌಟು ಹಾಕುವ ಹಕ್ಕು ಆಕೆಯದು. ಅಲ್ಲಿಯ ಸಾರಿಗೆ ಉಪ್ಪು ಹಾಕುವುದಿಲ್ಲ, ಸಮುದ್ರದ ನೀರನ್ನೇ ಸುರಿಯುತ್ತಾರೆ. ಮಳೆ ಬಿದ್ದರೆ ಆ ನೀರು ಸಪ್ಪೆ, ಬಿಸಿಲೇರಿದರೆ ಕಟು. ನಿನ್ನೆಯ ಅಳತೆ ಇವತ್ತಿಗೆ ನಡೆಯದು, ನಾಲಿಗೆಯೇ ಹೇಳಬೇಕು. ಈ ನಾಲಿಗೆಯ ಜಂಬ ಸೌಟಮ್ಮನ ನೆತ್ತಿಗೇರಿತ್ತು. ಸೊಸೆಯನ್ನು ಒಲೆಯ ಹತ್ತಿರ ಬಿಟ್ಟುಕೊಂಡದ್ದು ಸೌದೆ ತಳ್ಳುವುದಕ್ಕೆ ಮಾತ್ರ. "ನೀನು ಮಾಡಿದ್ದನ್ನ ನಾಯಿನೂ ಮೂಸಲ್ಲ ಕಣೇ" ಎಂದು ನಾಲ್ಕು ಜನರೆದುರೇ ಅನ್ನುತ್ತಿದ್ದಳು.

ಅಂಥ ನಾಲಿಗೆ ಒಂದು ಜ್ವರದಲ್ಲಿ ಕೈಕೊಟ್ಟಿತು. ಹುಳಿ, ಖಾರ, ಉಪ್ಪು ಎಲ್ಲ ಮಣ್ಣು. ಹೊರಗೆ ಗೊತ್ತಾದರೆ ಸೌಟು ಹೋಗುತ್ತದೆ, ಸೌಟು ಹೋದರೆ ತಾನು ಮೂಲೆಯ ಮುದುಕಿ. ವಿಧಿಯಿಲ್ಲದೆ ಸೊಸೆಯ ಕೈ ಹಿಡಿದಳು.

"ನೀನು ರುಚಿ ನೋಡು ತಾಯಿ. ಸರಿಯಾಗಿದ್ರೆ ತಲೆ ಆಡಿಸು. ಯಾರ ಹತ್ರನೂ ಬಾಯಿ ಬಿಡಬೇಡ."

ಸೊಸೆ ಹೂಂ ಅಂದಳು. ಹೊಗಳಿಕೆಯೆಲ್ಲ ಅತ್ತೆಗೆ, ಹೊಗೆಯೆಲ್ಲ ಸೊಸೆಗೆ. ಬೈಗುಳವನ್ನಾದರೂ ನಿಲ್ಲಿಸಿದಳೇ ಈ ಮಹಾತಾಯಿ? ಅದೂ ಇಲ್ಲ.

ಹೊಸ ದೋಣಿ ನೀರಿಗಿಳಿಸಿದ ದಿನ ಇಡೀ ದ್ವೀಪ ಊಟಕ್ಕೆ ಕೂತಿತ್ತು. ಅಡುಗೆ ಮಾಡಿದವಳು ಎಲ್ಲರೆದುರು ಮೊದಲ ಬಟ್ಟಲು ಖಾಲಿ ಮಾಡಬೇಕು, ಆಮೇಲೆಯೇ ಬಡಿಸುವುದು. ಸೊಸೆ ಸಾರು ನೆಕ್ಕಿ ನೋಡಿ ತಲೆ ಆಡಿಸಿದಳು. ಸೌಟಮ್ಮ ಬಟ್ಟಲೆತ್ತಿ ಕುಡಿದು, ತುಟಿ ಒರೆಸಿಕೊಂಡು, "ಹದವಾಗಿದೆ, ಬಡಿಸಿ" ಎಂದಳು.

ಮೊದಲ ತುತ್ತಿಗೇ ಜನ ಥೂ ಎಂದು ಉಗಿದರು. ದೋಣಿಯ ಯಜಮಾನ ಎದ್ದು ನಿಂತ. "ಏನಮ್ಮ ಇದು, ಸಮುದ್ರನೇ ತಂದು ಸುರಿದಿದೀಯಾ?"

"ಅತ್ತೆಗೆ ರುಚಿ ಹೋಗಿ ಎಷ್ಟೋ ಕಾಲ ಆಯ್ತು," ಸೊಸೆ ತಣ್ಣಗೆ ಹೇಳಿದಳು. "ಇಷ್ಟು ದಿನ ನಾನೇ ನೋಡಿ ಹೇಳ್ತಿದ್ದೆ. ಇವತ್ತೊಂದು ದಿನ ನೋಡಲಿಲ್ಲ, ಅಷ್ಟೇ."

ಸುಳ್ಳಿ, ಈಗ ತಾನೇ ತಲೆ ಆಡಿಸಿದೆಯಲ್ಲೇ ಎನ್ನಲು ಸೌಟಮ್ಮ ಬಾಯಿ ತೆರೆದಳು. ಹಾಗಂದುಬಿಟ್ಟರೆ ನಾಲಿಗೆ ಸತ್ತದ್ದನ್ನೂ ಒಪ್ಪಿಕೊಂಡ ಹಾಗೆ. ಬಾಯಿ ಮುಚ್ಚಿದಳು. ಮಗ ಅಮ್ಮನ ಮುಖ ನೋಡದೆ ಬಂದು, ಆಕೆಯ ಕೈಯಿಂದ ಸೌಟು ಬಿಡಿಸಿ ಹೆಂಡತಿಗೆ ಕೊಟ್ಟ. ಹೊಟ್ಟೆಯಲ್ಲಿ ಹುಟ್ಟಿದ ಮಗ!

ಅಲ್ಲಿಂದಾಚೆಗೆ ಮನೆಯಲ್ಲೂ ಬಡಿಸುವವಳು ಸೊಸೆಯೇ. ತಳ ಹಿಡಿದದ್ದು, ಹಳಸಿದ್ದು ಅತ್ತೆಯ ತಟ್ಟೆಗೆ. ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದವಳು ಮೂಗು ಮುಚ್ಚಿಕೊಂಡಳು.

"ಅಯ್ಯೋ, ಇದನ್ನ ಯಾಕೆ ಹಾಕಿದೀಯೇ?"

"ಏನು ಹಾಕಿದ್ರೂ ಅವರಿಗೆ ಒಂದೇ," ಎಂದಳು ಸೊಸೆ. "ಅಲ್ವಾ ಅತ್ತೆ?"

ಸೌಟಮ್ಮ ಹೂಂ ಎಂದು ಇನ್ನೊಂದು ತುತ್ತು ಬಾಯಿಗಿಟ್ಟಳು.