ಮೂರನೇ ಮಹಡಿಯಿಂದ ಬಿದ್ದ ವರ

ಹುಡುಗನ ಕೆಲಸ ನೋಡಲು ಹೆಣ್ಣಿನ ಕಡೆಯವರು ಎಲ್ಲಿಗೆ ಹೋಗುತ್ತಾರೆ? ಅಂಗಡಿ ಇದ್ದರೆ ಅಂಗಡಿಗೆ. ಹೊಲ ಇದ್ದರೆ ಹೊಲಕ್ಕೆ. ಕಳೆದ ಭಾನುವಾರ ಧಾರವಾಡದ ಹತ್ತಿರದ ಮುಗದ ಊರಿನಿಂದ ಏಳೆಂಟು ಮಂದಿ ಹುಬ್ಬಳ್ಳಿಯ ಟಾಕೀಸೊಂದಕ್ಕೆ ಬಂದರು, ಮ್ಯಾಟಿನಿ ಶೋಗೆ. ಯಾಕೆಂದರೆ ನಮ್ಮ ಫಕೀರಪ್ಪನ ಕೆಲಸ ಇರುವುದು ಪರದೆಯ ಮೇಲೆ.

(ಗೇಟ್‌ಕೀಪರ್ ಕೆಲಸ ಆಗಿದ್ದರೆ ಇಷ್ಟು ಹೊತ್ತಿಗೆ ಮದುವೆ ಊಟದ ಬಗ್ಗೆ ಬರೆಯುತ್ತಿದ್ದೆ.)

ಫಕೀರಪ್ಪ ನನ್ನ ಗೆಳೆಯ. ಸಿನಿಮಾದಲ್ಲಿ ಡೂಪ್. ಹೀರೋ ಬೀಳಬೇಕಾದಲ್ಲಿ ಇವನು ಬೀಳುತ್ತಾನೆ, ಎದ್ದು ನಿಲ್ಲಬೇಕಾದಲ್ಲಿ ಹೀರೋ ನಿಲ್ಲುತ್ತಾನೆ. ಶರ್ಟು ಹೀರೋನದು, ವಿಗ್ಗು ಕಂಪನಿಯದು, ಎಲುಬು ಮಾತ್ರ ಸ್ವಂತದ್ದು. ಈ ಪಿಕ್ಚರಿನಲ್ಲಿ ಅವನು ಮೂರನೇ ಮಹಡಿಯ ಕಿಟಕಿ ಗಾಜು ಒಡೆದುಕೊಂಡು ಕೆಳಕ್ಕೆ ಬಿದ್ದಿದ್ದಾನೆ. ಖರೇನೇ ಬಿದ್ದಿದ್ದಾನೆ. ಕೆಳಗೆ ಒಂದಿಷ್ಟು ರಟ್ಟಿನ ಡಬ್ಬಿ, ಅದರ ಮೇಲೆ ಗಾದಿ. ಅಷ್ಟೇ.

ನಾನು ಕಣ್ಣಾರೆ ಕಂಡವನು. (ಮಿಮಿಕ್ರಿ ಚಾನ್ಸ್ ಕೇಳಲು ಬೆಂಗಳೂರಿಗೆ ಹೋಗಿದ್ದೆ. ಸಿಕ್ಕಿದ್ದು ಅವನ ಚಪ್ಪಲಿ ಹಿಡಿದು ನಿಲ್ಲುವ ಚಾನ್ಸು.) ಲಾರಿಯಿಂದ ಜೋಳದ ಚೀಲ ಒಗೆದಂಥ ಸದ್ದು. ಗಣಪತಿ ಪೆಂಡಾಲಿನಲ್ಲಿ ರೈಲು, ನಾಯಿ, ಮಂತ್ರಿ ಎಲ್ಲರ ದನಿಯನ್ನೂ ತೆಗೆಯುವವನು ನಾನು. ಆ ಸದ್ದು ಮಾತ್ರ ನನ್ನ ಬಾಯಿಗೆ ಬರಲಿಲ್ಲ. ಅವನ ಭುಜದ ಎಲುಬು ಮುರಿದಿತ್ತು.

ಹುಡುಗಿಯ ಹೆಸರು ರೇಣುಕಾ. ಅವಳಿಗೆ ಇವನು ಒಪ್ಪಿಗೆ, ಇವನಿಗಂತೂ ಅವಳ ಹೆಸರು ಹೇಳಿದರೆ ಸಾಕು, ಕಿವಿ ಕೆಂಪಗಾಗುತ್ತಿತ್ತು. ಉಳಿದದ್ದು ಅವಳ ಕಾಕಾ, ಶಿವಪ್ಪನವರ ಒಂದು ಮಾತು. "ಹುಡುಗ ಛಲೋ ಅದಾನ. ಆದ್ರ ಏನ್ ಕೆಲಸ ಮಾಡ್ತಾನ, ನಾ ನನ್ನ ಕಣ್ಣಿಂದ ನೋಡಬೇಕು." ಅದಕ್ಕೇ ಈ ಮ್ಯಾಟಿನಿ.

ಬಾಲ್ಕನಿಯಲ್ಲಿ ಸಾಲಾಗಿ ಕೂತೆವು, ಆ ತುದಿಗೆ ರೇಣುಕಾ, ಈ ತುದಿಗೆ ಫಕೀರಪ್ಪ. ಕಾಕಾಗೆ ಸಮಾಧಾನವೇ ಇಲ್ಲ.

"ಪರದೆ ಮ್ಯಾಲ ಎಲ್ಲದಾನೋ ನಿಮ್ಮ ಹುಡುಗ? ಈಗ ಬರ್ತಾನ, ಆಗ ಬರ್ತಾನ ಅಂತ ಅರ್ಧಾ ಪಿಕ್ಚರ್ ಮುಗಿಸಿದಿ."

"ತಡೀರಿ ಕಾಕಾ. ಮಿರ್ಚಿ ತಿನ್ರಿ."

ಇಂಟರ್‌ವಲ್ ಆದಮೇಲೆ ಬಂತು. ಗಾಜು ಪುಡಿಯಾಯಿತು. ನಾನು ಸೀಟಿನಿಂದ ಎದ್ದೇಬಿಟ್ಟೆ. "ಇವನ ರೀ! ಇವನ ನಮ್ಮ ಫಕೀರಪ್ಪ!"

"ಎಲ್ಲಿ? ಬರೇ ಬೆನ್ನು ಕಾಣಾಕತ್ತೈತಲ್ಲೋ. ವರಾನ್ನ ಬೆನ್ನು ನೋಡಿ ಒಪ್ಪಿಗೊಂತಾರೇನು?"

ಮುಖ ಕಂಡರೆ ಡೂಪ್ ಕೆಲಸ ಕೆಟ್ಟಂತೆ ಎಂದು ಅವರಿಗೆ ಹೇಗೆ ತಿಳಿಸಿ ಹೇಳಲಿ? ಇವನು ಎಷ್ಟು ಛಲೋ ಬಿದ್ದಿದ್ದನೋ ಅಷ್ಟೇ ಛಲೋ ಕಾಣೆಯಾಗಿದ್ದ.

ಅಷ್ಟರಲ್ಲಿ ರೇಣುಕಾಳ ತಮ್ಮ ಬಾಯಿ ಹಾಕಿದ. ಧಾರವಾಡದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೊಸದಾಗಿ ಸೇರಿದ್ದಾನೆ. (ಹೊಸದರಲ್ಲಿ ಮನುಷ್ಯನಿಗೆ ಎಲ್ಲವೂ ಗೊತ್ತಿರುತ್ತದೆ.)

"ಇದು ಗ್ರಾಫಿಕ್ಸ್ ಐತಿ ಕಾಕಾ. ಯಾರೂ ಬಿದ್ದಿಲ್ಲ. ಕಂಪ್ಯೂಟರ್‌ನ್ಯಾಗ ಒಂದು ಗೊಂಬಿ ಮಾಡಿ ಒಗೀತಾರ."

"ಹೌದಲೇ, ಗ್ರಾಫಿಕ್ಸ್," ಎಂದಿತು ಹಿಂದಿನ ಸಾಲು. ಸೀಟಿ ಹೊಡೆಯಲು ಬಾಯಿಗೆ ಬೆರಳಿಟ್ಟವರೂ ಬೆರಳು ತೆಗೆದರು.

ಅವರನ್ನೇನು ಬೈಯುವುದು? ಸ್ವಲ್ಪ ಮುಂಚೆ ಇದೇ ಪಿಕ್ಚರಿನಲ್ಲಿ ಜೀಪೊಂದು ಆಕಾಶಕ್ಕೆ ಹಾರಿ, ನಿದ್ದೆಯಲ್ಲಿ ಹೊರಳುವವರ ಹಾಗೆ ಎರಡು ಸಲ ಮಗ್ಗುಲು ಬದಲಿಸಿ, ಓಡುವ ರೈಲಿನ ಮೇಲೆ ಇಳಿದಿತ್ತು. ಅದು ಕಂಪ್ಯೂಟರಿನದೇ. ಅದನ್ನು ನೋಡಿ ನಕ್ಕವರು ಇದನ್ನು ಯಾಕೆ ನಂಬಬೇಕು? ಆ ಸುಳ್ಳು ಜೀಪು ಇಳಿದದ್ದು ರೈಲಿನ ಮೇಲಲ್ಲ, ಖರೇ ಫಕೀರಪ್ಪನ ಮೇಲೆ.

ಹೊರಗೆ ಬಂದು ಚಹಾದಂಗಡಿ ಮುಂದೆ ನಿಂತೆವು. ನಾನು ವಕೀಲಿಕೆಗೆ ಇಳಿದೆ.

"ನಾ ಅಲ್ಲೇ ಇದ್ದೆ ಕಾಕಾ. ನನ್ನ ಕಣ್ಣಮುಂದ ಬಿದ್ದಾನ."

"ನೀ ಸಾಕ್ಷಿ ಏನು? ನಮ್ಮೂರಾಗ ಪ್ರೋಗ್ರಾಂ ಕೊಟ್ಟಾಗ ನನ್ನ ದನಿ ತಗದು ನನ್ನ ಹೆಂಡ್ತೀನ್ನ ಕರದಾಂವ ನೀ. ಆಕಿ 'ಬಂದೆ ರೀ' ಅಂತ ಸ್ಟೇಜಿಗೇ ಬಂದ್ಲು. ನಿನ್ನ ಮಾತು ನಂಬಲೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಫಕೀರಪ್ಪ ನಗಲಿಲ್ಲ. ನಡುರಸ್ತೆಯಲ್ಲಿ ಅಂಗಿಯ ಗುಂಡಿ ಬಿಚ್ಚಿ ಭುಜ ತೋರಿಸಿದ. ಹೊಲಿಗೆ ಹಾಕಿದ ಗುರುತು, ಅದರ ಕೆಳಗೆ ಉಬ್ಬಿ ನಿಂತ ಎಲುಬು.

"ಇದೂ ಗ್ರಾಫಿಕ್ಸ್ ಏನ್ರಿ ಕಾಕಾ?"

ಶಿವಪ್ಪ ಕಾಕಾ ಹತ್ತಿರ ಬಂದು ಬೆರಳಿನಿಂದ ಮುಟ್ಟಿ ನೋಡಿದರು. ಮನೆಯ ಮಗನ ಗಾಯ ನೋಡುವ ಹಾಗೆ. ಗೆದ್ದೆವು ಅಂದುಕೊಂಡೆ. (ನನ್ನ ಬುದ್ಧಿಗೆ ಇದಕ್ಕಿಂತ ಹೆಚ್ಚು ಓಟವಿಲ್ಲ.)

"ಖರೇ ಬಿದ್ದೀ ಹಂಗಾರ."

"ಹೌದ್ರಿ."

"ಇನ್ನ ಮುಂದೂ ಬೀಳಾಂವನ?"

"ನನ್ನ ಕೆಲಸ ಅದ ಐತ್ರಿ."

ಕಾಕಾ ಅವನ ಅಂಗಿಯನ್ನು ತಾವೇ ಭುಜದ ಮೇಲೆ ಎಳೆದರು. "ತಪ್ಪು ತಿಳೀಬ್ಯಾಡಪಾ. ನೀ ಬಿದ್ದಿಲ್ಲ ಅಂದ್ರ ನಿನಗ ಕೆಲಸ ಇಲ್ಲ. ಬಿದ್ದೀ ಅಂದ್ರ ನಾಳೆ ನಮ್ಮ ಹುಡುಗಿಗೆ ನೀ ಇಲ್ಲ. ಹೆಂಗ ಕೊಡಲಿ, ನೀನ ಹೇಳು."

ಫಕೀರಪ್ಪ ಗುಂಡಿ ಹಾಕಿಕೊಳ್ಳುತ್ತ ನಿಂತ. ಆ ಕೈ ಇನ್ನೂ ಪೂರ್ತಿ ಮೇಲೆ ಬರುವುದಿಲ್ಲ. ಅವರ ಬಸ್ಸು ಹೋದ ಮೇಲೂ ಕೊನೆಯ ಗುಂಡಿ ಬಾಕಿಯಿತ್ತು.

ಆಮೇಲೆ ಅವನು ಕೇಳಿದ್ದು ಒಂದೇ ಮಾತು. "ಆಕಿ ನೋಡಿದ್ಲೇನೋ?"

"ಇಲ್ಲ. ನೀ ಗಾಜು ಒಡದ ಕೂಡಲೇ ಕಣ್ಣು ಮುಚ್ಕೊಂಡ್ಲು."

ಖರೇ ಹೇಳಿದೆ. ನಾನು ಪರದೆ ಬಿಟ್ಟು ಹೆಣ್ಣಿನ ಕಡೆಯವರ ಮುಖಗಳನ್ನೇ ನೋಡುತ್ತಿದ್ದೆ. ತುಂಬಿದ ಟಾಕೀಸಿನಲ್ಲಿ ಅವನು ಬಿದ್ದ ಎಂದು ನಂಬಿದವಳು ಅವಳೊಬ್ಬಳೇ. ಇದನ್ನು ಕೇಳಿ ಅವನು ಹಿಗ್ಗುತ್ತಾನೆ ಅಂದುಕೊಂಡಿದ್ದೆ. ಅವನು ಅಲ್ಲೇ ಫುಟ್‌ಪಾತಿನ ಮೇಲೆ ಕುಸಿದು ಕೂತ.

ಮರುದಿನ ಫೈಟ್ ಮಾಸ್ತರರ ಫೋನು. ಮಹಡಿ ಗಿಹಡಿ ಇನ್ನು ಬೇಡವಂತೆ. ಹಸಿರು ಬಟ್ಟೆಯ ಮುಂದೆ ಸ್ಟೂಲು ಇಡುತ್ತಾರೆ, ಅದರ ಮೇಲಿಂದ ಹಾರಿದರೆ ಸಾಕು. ಉಳಿದ ಎತ್ತರ ಕಂಪ್ಯೂಟರಿನದು.

"ಛಲೋ ಆತಲ್ಲೋ," ಎಂದೆ. "ಮುಗದಕ್ಕ ಹೇಳಿ ಕಳಸೋಣು. ಕಾಕಾ ಒಪ್ಪಬಹುದು."

"ಸ್ಟೂಲಿನ ಮ್ಯಾಲಿಂದ ಹಾರಾಕ ನಾನ ಯಾಕ ಬೇಕೋ?" ಎಂದ ಫಕೀರಪ್ಪ. "ನೀ ಹಾರು."

ಹೋಗುತ್ತಾನೆ. ಹಾರುತ್ತಾನೆ. ಹೊಟ್ಟೆ ಕೇಳಬೇಕಲ್ಲ. ಆದರೆ ಸ್ಟೂಲಿನ ಮೇಲಿಂದ ಹಾರುವವನಿಗಾಗಿ ಯಾರಾದರೂ ಕಣ್ಣು ಮುಚ್ಚಿಕೊಳ್ಳುತ್ತಾರೇನ್ರಿ?