ಮದ್ದಿನ ವಾಸನೆಯ ನೀರು

ಗೊರ್ ಗೊರ್ ಎಂದು ಕೆಮ್ಮಿ, ಸುಯ್ಯೆಂದು ಗಾಳಿ ಬಿಟ್ಟು, ಆಮೇಲೆ ನೀರು ಕೊಡುವುದು ಮುಳಬಾಗಿಲಿನ ಆ ಬೀದಿ ನಲ್ಲಿಯ ಪದ್ಧತಿ. ಕೆಮ್ಮು ಕೇಳಿದೊಡನೆ ಊಟದೆಲೆ ಹಚ್ಚುತ್ತ ಕೂತ ಕದಿರಮ್ಮ ಮಡಿಲಲ್ಲಿದ್ದ ಮುತ್ತುಗದೆಲೆ, ಕಡ್ಡಿಗಳನ್ನು ಬದಿಗಿಟ್ಟು ಬಿಂದಿಗೆ ಹಿಡಿದು ಓಡುತ್ತಿದ್ದಳು. ಓಡುವುದಷ್ಟೇ. ನೀರು ಸಿಗುತ್ತಿರಲಿಲ್ಲ.

ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಅದೊಂದೇ ನಲ್ಲಿ. ಅರ್ಚಕರ, ಶಾನುಭೋಗರ ಮನೆಗಳ ತಾಮ್ರದ ಬಿಂದಿಗೆಗಳು ಮಡಿಯವು. ಅವು ಬಂದರೆ ಕೆಳಗಿನ ಬೀದಿಯವರು ತಮ್ಮವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು, ತಾಗಬಾರದು. ಯಾರೂ ಹೇಳಬೇಕಿರಲಿಲ್ಲ, ಕೈಗಳೇ ಎಳೆಯುತ್ತಿದ್ದವು. ಕೊನೆಯ ತಾಮ್ರದ ಬಿಂದಿಗೆ ತುಂಬುವಾಗ ನಲ್ಲಿ ಮತ್ತೆ ಕೆಮ್ಮಿ ನಿಲ್ಲುತ್ತಿತ್ತು. ಕೆಳಗಿನವರಿಗೆ ಮಳೆನೀರು ನಿಲ್ಲುವ ಹೊಂಡದ, ಆ ಕುಂಟೆಯ ನೀರೇ ಗತಿ.

ಎಪ್ಪತ್ತೈದರ ಮಳೆಗಾಲದಲ್ಲಿ ಕಾಲರಾ ಊರೂರು ದಾಟಿ ಬಂತು. ಕುಂಟೆ ನೀರು ಕುಡಿದ ಪಕ್ಕದ ಮನೆಯ ಗುಂಡಮ್ಮ ವಾಂತಿಭೇದಿಯಾಗಿ ತೀರಿಕೊಂಡಳು. ಕದಿರಮ್ಮನ ಮಗಳು ಆಂಜಿನಮ್ಮ ಆಗ ಹೆರಿಗೆಗೆಂದು ತವರಿಗೆ ಬಂದಿದ್ದಳು. ಇವಳಿಗೊಂದು ಬಿಂದಿಗೆ ಒಳ್ಳೆಯ ನೀರು ಸಿಕ್ಕರೆ ಸಾಕು ಎಂದು ಕದಿರಮ್ಮ ದೇವರಲ್ಲಿ ಬೇರೆಲ್ಲ ಕೇಳುವುದನ್ನು ಬಿಟ್ಟಳು.

ಅಷ್ಟರಲ್ಲಿ ಪುರಸಭೆಯವರು ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಸುರಿದರು. ಮಾರನೆಯ ಬೆಳಿಗ್ಗೆ ಶಾನುಭೋಗರ ಮನೆಯ ತುಳಸಮ್ಮನವರು ಬೊಗಸೆ ನೀರು ಮೂಸಿ ಮುಖ ಸಿಂಡರಿಸಿದರು.

"ಥೂ, ಆಸ್ಪತ್ರೆ ವಾಸನೆ! ಇದನ್ನ ದೇವರ ತಲೆ ಮೇಲೆ ಹುಯ್ಯೋದಾ? ಹಿತ್ತಲ ಬಾವಿ ಇದೆ, ನಡೀರೇ."

ತಾಮ್ರದ ಬಿಂದಿಗೆಗಳೆಲ್ಲ ಅವರ ಹಿಂದೆಯೇ ಹೋದವು. ಕದಿರಮ್ಮ ನಲ್ಲಿಯ ಕೆಳಗೆ ತನ್ನದನ್ನಿಟ್ಟು, ಅದು ಕಂಠದವರೆಗೆ ತುಂಬುವುದನ್ನು ಕಣ್ಣು ಮಿಟುಕಿಸದೆ ನೋಡಿದಳು.

"ವಾಸನೆ ಕಣಮ್ಮಾ," ಎಂದಳು ಆಂಜಿನಮ್ಮ.

"ಮದ್ದು ಹಾಕಿದ್ಮೇಲೆ ವಾಸನೆ ಇರಲ್ವೇನೇ? ಪರವಾಲೇದು, ಕುಡಿ."

ಬಾಣಂತನವೂ ಆ ನೀರಿನಲ್ಲೇ ಆಯಿತು. ಹೆಣ್ಣು ಕೂಸು, ದುಂಡು ದುಂಡಗೆ. ಕದಿರಮ್ಮ ಎಲೆ ಹಚ್ಚುತ್ತ ಹಾಡಿಕೊಳ್ಳತೊಡಗಿದಳು.

ಒಂದು ಬೆಳಿಗ್ಗೆ ತುಳಸಮ್ಮನವರು ಮತ್ತೆ ನಲ್ಲಿಗೆ ಬಂದರು. ಹಿತ್ತಲ ಬಾವಿಯ ನೀರು ಕುಡಿದು ಅವರ ಮೊಮ್ಮಗ ಸಾಯುವಂತಾಗಿ ಬದುಕಿದ್ದ. ನಲ್ಲಿ ನೀರು ಬಿಟ್ಟು ಬೇರೆ ಮುಟ್ಟಬೇಡಿ ಎಂದು ಡಾಕ್ಟರು ಗದರಿದ್ದರು. ಅವರನ್ನು ಕಂಡದ್ದೇ ಸಾಲಿನ ಕೈಗಳೆಲ್ಲ ಬಿಂದಿಗೆ ಹಿಂದಕ್ಕೆ ಎಳೆದುಕೊಂಡವು. ಕದಿರಮ್ಮನ ಕೈಯೂ ಹೋಯಿತು. ಆಗ ಗುಡಿಸಲಿನಲ್ಲಿ ಕೂಸು ಅತ್ತಿತು. ಕೈ ಅಲ್ಲೇ ನಿಂತಿತು.

"ಏನೇ ಕದಿರಿ, ತಾಗುತ್ತೆ. ಎಳ್ಕೋ."

"ನಾನ್ ಹಚ್ಚಿದ ಎಲೇಲಿ ಊಟ ಮಾಡ್ತೀರಲ್ಲಮ್ಮಾ, ಅದು ತಾಗಲ್ವಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತುಳಸಮ್ಮನವರು ಕೆಂಪಾದರು. ನಲ್ಲಿ ಸುರಿಯುತ್ತಲೇ ಇತ್ತು.

"ಇವಳ ಬಾಯಿ ನೋಡು!" ಎಂದವರು, ಅಳು ಕೇಳಿ ಗುಡಿಸಲಿನತ್ತ ತಿರುಗಿ ದನಿ ತಗ್ಗಿಸಿದರು. "ಕೂಸು ಹೇಗಿದೆಯೇ?"

"ಹಾಲು ಕುಡೀತೈತೆ, ಮಲಗ್ತೈತೆ. ನಿಮ್ಮ ಮೊಮ್ಮಗ?"

"ಇವತ್ತು ಗಂಜಿ ಕುಡಿದ."

ತುಳಸಮ್ಮನವರು ತಮ್ಮ ಬಿಂದಿಗೆಯನ್ನು ಕದಿರಮ್ಮನ ಬಿಂದಿಗೆಯ ಹಿಂದೆ ಇಟ್ಟರು. ಅದು ತಾಗಿ ಟಣ್ ಎಂದಿತು.

ಕದಿರಮ್ಮ ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿದಳು. "ಇನ್ಮೇಲೆ ಮೊದಲು ಬಂದೋರ್ಗೆ ಮೊದಲು, ತುಳಸಮ್ಮನೋರೇ," ಎನ್ನುತ್ತ ಕೂಸಿನ ಅಳುವಿನ ಕಡೆಗೆ ಹೊರಟೇಬಿಟ್ಟಳು. "ನಾಳೆ ಬಿರ್‍ರನೆ ಬನ್ನಿ, ನಾನಂತೂ ನಲ್ಲಿ ಕೆಮ್ಮೋಕ್ ಮುಂಚೇನೇ ಬಂದು ನಿಂತಿರ್ತೀನಿ."