ಸೇದುವ ಆಸೆ ಹೋದ ಮೇಲೆ

ವೈರೋವ ನದಿಯ ದಂಡೆಯಲ್ಲಿ ನಮ್ಮ ಕುಲದವರೆಲ್ಲ ಸೇರುವ ಮರಾಯೆ ಎಂಬ ಸಭಾಮನೆ ಇದೆ. ಅಲ್ಲಿ ಸಾವಿಗಾಗಲಿ ಮದುವೆಗಾಗಲಿ ಇನ್ನೂರು ಜನ ಕೂಡಿದರೆ ಅಡುಗೆಮನೆಯ ಯಜಮಾನಿಕೆ ರಾವಿನಿಯಾಳದೇ. ಅರವತ್ತೆಂಟರ ಹೆಂಗಸು, ಕೋಪ ಮೂಗಿನ ತುದಿಯಲ್ಲೇ. ಆಲೂಗಡ್ಡೆಯ ಸಿಪ್ಪೆ ದಪ್ಪಗೆ ತೆಗೆದವರನ್ನು ಹಿರಿಯರು ಕಿರಿಯರು ಎಂದು ನೋಡದೆ ಬೈಯುತ್ತಿದ್ದಳು. ಅವಳ ಬಾಯಿಗೆ ಹೆದರದವಳು ಒಬ್ಬಳೇ, ಅಕ್ಕ ತೆಪೋರಾ. ಕಡುಬಿನ ಹಂಡೆ ಒಲೆಗೇರಿದ ಮೇಲೆ ತೆಪೋರಾ ಒರಸುಬಟ್ಟೆ ಹೆಗಲಿಗೆಸೆದು, "ಬಾರೇ ಹೊರಗೆ," ಎನ್ನುತ್ತಿದ್ದಳು. ಇಬ್ಬರೂ ಸೌದೆ ಕೊಟ್ಟಿಗೆಯ ಹಿಂದೆ ಕೂತು, ಒಂದೇ ಪೊಟ್ಟಣದ ಹೊಗೆಸೊಪ್ಪನ್ನು ಕಾಗದದಲ್ಲಿ ಸುತ್ತಿ ಸೇದುತ್ತಿದ್ದರು. ಹುಡುಗಿಯರಾಗಿದ್ದಾಗ ಹತ್ತಿದ ಚಟ. ಮರಾಯೆಯಲ್ಲಿ ಯಾರೂ ಸೇದಕೂಡದೆಂದು ಹಲಗೆ ಹೊಡೆಸಿದವರೂ ಈ ಅಕ್ಕತಂಗಿಯರೇ ಎಂದರೆ ನಂಬುತ್ತೀರಾ!

ತೆಪೋರಾ ಶ್ವಾಸಕೋಶದ ಕಾಯಿಲೆಯಲ್ಲಿ ಹೋದಳು. ಇನ್ನಾದರೂ ತಂಗಿ ಬಿಡುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಎಲ್ಲಿ ಬಿಟ್ಟಾಳು! ಒಂದು ಗಂಟೆ ಸೇದದಿದ್ದರೆ ಎದೆಯೊಳಗೆ ಏನೋ ಎಳೆಯುತ್ತಿತ್ತು, ಅದರ ಬೆನ್ನಿಗೇ ಅಕ್ಕನ ದನಿ ಕೇಳುತ್ತಿತ್ತು: ಬಾರೇ ಹೊರಗೆ. ದಿನಕ್ಕೆ ಇಪ್ಪತ್ತು ಸಲ. ಹಾಗೆ ಕರೆಯುವ ಅಕ್ಕನನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ?

ಕಳೆದ ಚಳಿಗಾಲದಲ್ಲಿ ಹಿಟ್ಟು ನಾದುತ್ತಿದ್ದವಳು ಇದ್ದಲ್ಲೇ ಕುಸಿದಳು. ಪಾರ್ಶ್ವವಾಯು. ಕೆಲವು ವಾರಗಳಲ್ಲಿ ಬಲಗೈ ಸರಿಹೋಯಿತು, ಮಾತು ಬಂತು, ಬೈಗುಳವಂತೂ ಮಾತಿಗಿಂತ ಮೊದಲೇ ಬಂತು. ಆದರೆ ಮನೆಗೆ ಮರಳಿದ ಮೂರನೆಯ ದಿನ, ಕಿಟಕಿಯಲ್ಲಿದ್ದ ಪೊಟ್ಟಣ ಕಣ್ಣಿಗೆ ಬಿದ್ದು ಅವಳೇ ಬೆಚ್ಚಿದಳು. ಇಷ್ಟು ದಿನ ಸೇದಬೇಕೆಂದು ಒಮ್ಮೆಯೂ ಅನಿಸಿರಲಿಲ್ಲ.

ಡಾಕ್ಟರು ಮಿದುಳಿನ ಚಿತ್ರ ತೋರಿಸಿದರು. "ಇಲ್ಲಿ ಒಳಗಡೆ ಒಂದು ಮಡಿಕೆ ಅವಿತ್ಕೊಂಡಿದೆ ನೋಡಿ. ಮೈಯೊಳಗೆ ಏನಾದ್ರೂ ಎಳೆದಾಗ 'ಬೇಕು, ಈಗ್ಲೇ ಬೇಕು' ಅಂತ ಅನ್ನಿಸೋದ್ರಲ್ಲಿ ಇದರ ಕೈವಾಡ ಇದೆ. ರಕ್ತ ಸಿಗದೆ ನಿಮ್ಮದು ಸತ್ತಿದೆ. ಎಲ್ರಿಗೂ ಹೀಗಾಗಲ್ಲ. ಕೆಲವರಿಗೆ ಮಾತ್ರ ಸಿಗರೇಟಿನ ಆಸೆ ದೀಪ ಆರಿದ ಹಾಗೆ ಹೋಗ್ಬಿಡುತ್ತೆ. ಅದೃಷ್ಟವಂತೆ ನೀವು."

"ವಾಪಸ್ ಬರುತ್ತಾ?"

"ಹೆದರ್ಬೇಡಿ. ಬರಲ್ಲ ಅನ್ಸುತ್ತೆ."

ಅವಳು ಹೆದರಿ ಕೇಳಿದ್ದಲ್ಲ, ಆಸೆಯಿಂದ ಕೇಳಿದ್ದು.

ಒಂದು ಮಧ್ಯಾಹ್ನ ಕೊಟ್ಟಿಗೆಯ ಹಿಂದೆ ಒಬ್ಬಳೇ ಕೂತು ಹಚ್ಚಿಯೂ ನೋಡಿದಳು. ಬರೀ ಹೊಗೆ, ಕಹಿ, ಕೆಮ್ಮು. ಅಕ್ಕನ ಫೋಟೊ ಇತ್ತು, ಗೋರಿ ಇತ್ತು, ಕೂತು ನೆನೆದರೆ ನೆನಪೂ ಬರುತ್ತಿತ್ತು. ನೆನೆಯದೆಯೂ ತಾನಾಗಿ ಬಂದು ಕರೆಯುತ್ತಿದ್ದವಳು ಮಾತ್ರ ಇಲ್ಲವಾಗಿದ್ದಳು.

ಆ ಹೊತ್ತಿಗೆ ತೆಪೋರಾಳ ಮಗಳು ಮರಾಮಾ ಸಿಗರೇಟು ಬಿಟ್ಟು ಒಂಬತ್ತು ದಿನವಾಗಿತ್ತು. ನಾಲ್ಕು ಸಲ ಬಿಟ್ಟು ನಾಲ್ಕು ಸಲವೂ ಸೋತವಳು, ಈಗ ಬಸುರಿ ಬೇರೆ. ಅಡುಗೆಮನೆಯಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದವಳು ಚಾಕು ಕುಕ್ಕಿ ಅತ್ತೇಬಿಟ್ಟಳು. "ನನ್ ಕೈಲಾಗಲ್ಲ ಆಂಟಿ! ನಿಂಗೇನು, ಮಲಗಿ ಏಳೋದ್ರಲ್ಲಿ ಬಿಟ್ಹೋಯ್ತು!"

ರಾವಿನಿಯಾ ಬೈಯಲಿಲ್ಲ. ಹತ್ತಿರ ಹೋಗಿ ಅವಳ ಭುಜ ಹಿಡಿದಳು. "ಸೇದೋ ಆಸೆ ಈಗ ಬಂದಿದೆಯಾ?"

"ಬಂದಿದೆ."

"ಹೆಂಗಿದೆ? ಒಂಚೂರೂ ಬಿಡ್ದೆ ಹೇಳೇ."

"ಎದೇಲಿ, ಇಲ್ಲಿ, ಕಿತ್ತು ಎಳೆದ ಹಾಗೆ. ಬಾಯ್ತುಂಬಾ ನೀರು. ಕೈ ಎಲ್ಲಿಡ್ಬೇಕೋ ಗೊತ್ತಾಗ್ತಿಲ್ಲ. ಯಾರೋ ಹಿಂದೆ ನಿಂತು ಕರೀತಾನೇ ಇರೋ ಹಾಗೆ..."

"ಹ್ಞಾಂ," ಎಂದಳು ರಾವಿನಿಯಾ, ಕಣ್ಣು ಮುಚ್ಚಿಕೊಂಡು. "ಆಮೇಲೆ?"

ಮರಾಮಾ ಹೇಳುತ್ತಲೇ ಹೋದಳು. ಹೇಳಿ ಮುಗಿಯುವಷ್ಟರಲ್ಲಿ ಅದು ಇಳಿದುಹೋಗಿತ್ತು.

"ಮತ್ತೆ ಬಂದ್ರೆ ನಂಗೇ ಫೋನ್ ಮಾಡು. ಎಷ್ಟ್ ಸಲ ಬಂದ್ರೂ ಸರಿ."

ಮೊದಮೊದಲು ದಿನಕ್ಕೆ ಹತ್ತು ಸಲ ಫೋನು ಬರುತ್ತಿತ್ತು, ಬರಬರುತ್ತಾ ಐದು, ಆಮೇಲೆ ಎರಡು. "ಈ ಜಗಳಗಂಟಿಗೆ ಎಲ್ಲಿಂದ ಬಂತಪ್ಪಾ ಇಷ್ಟು ತಾಳ್ಮೆ!" ಎಂದು ಊರವರು ಮೆಚ್ಚಿಕೊಂಡರು. ತಾಳ್ಮೆಯಂತೆ, ತಾಳ್ಮೆ! ಹುಡುಗಿ ತನ್ನ ಎದೆಯ ಎಳೆತ ಹೇಳುವಷ್ಟು ಹೊತ್ತು ರಾವಿನಿಯಾ ಮನಸ್ಸಿನಲ್ಲಿ ಸೌದೆ ಕೊಟ್ಟಿಗೆಯ ಹಿಂದೆ, ತನ್ನ ಅಕ್ಕನ ಪಕ್ಕದಲ್ಲಿ ಕೂತಿರುತ್ತಿದ್ದಳು. ಫೋನು ಬಾರದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಹೆರಿಗೆಗೆ ಹದಿನೈದು ದಿನವಿದೆ ಎನ್ನುವಾಗ ಮರಾಮಾ ಏದುಸಿರು ಬಿಡುತ್ತಾ ಅಡುಗೆಮನೆಗೆ ಬಂದು ಅವಳನ್ನು ತಬ್ಬಿಕೊಂಡಳು. "ಆಂಟಿ, ಹನ್ನೆರಡು ದಿನದಿಂದ ಒಂದ್ಸಲಾನೂ ಬಂದಿಲ್ಲ! ಹೋಯ್ತು ಕಣೇ ಅದು. ನಿನ್ನಿಂದ್ಲೇ ಗೆದ್ದೆ."

ಒಂಚೂರೂ ಇಲ್ವೇನೇ ಎಂಬ ಮಾತು ರಾವಿನಿಯಾಳ ನಾಲಿಗೆಯ ತುದಿಗೆ ಬಂತು. ಒಂದೇ ಒಂದು ಸಲ ಹೊಗೆಸೊಪ್ಪಿನ ವಾಸನೆ ನೋಡು, ಬಂದರೂ ಬರಬಹುದು, ಎಂಬುದೂ ಬಂತು. ಹಾಳು ಬಾಯಿ! ಅಷ್ಟರಲ್ಲಿ ಹುಡುಗಿಯ ಹೊಟ್ಟೆಯೊಳಗಿನ ಮಗು ಒದ್ದದ್ದು ಒತ್ತಿಕೊಂಡು ನಿಂತಿದ್ದ ಇಬ್ಬರಿಗೂ ತಿಳಿಯಿತು. ರಾವಿನಿಯಾ ಆ ಮಾತನ್ನು ನುಂಗಿಕೊಂಡಳು.

"ಒಳ್ಳೇದಾಯ್ತು ಮಗಳೇ," ಎಂದಳು. "ಇನ್ನು ಫೋನ್ ಮಾಡ್ಬೇಡ."

"ಅಳ್ತಿದ್ದೀಯಾ? ಖುಷಿಗಾ ಆಂಟಿ?"

"ಹ್ಞೂಂ," ಎಂದಳು ರಾವಿನಿಯಾ. ಅರ್ಧ ನಿಜವೇ. ಉಳಿದರ್ಧ, ಅಕ್ಕನನ್ನು ಎರಡನೆಯ ಸಲ ಮಣ್ಣಿಗಿಟ್ಟ ಅಳು.